ಸೆಂಟಿನ ಮೇಲಿನ ಮೊಡವೆ

ಗಾಜಿನ ಮೇಲೆ ಹಿಮ ಕರಗಿ ಇಳಿಯುತ್ತಿದೆ, ವೈಪರ್ ಹಾಕಬೇಕು, ಕಾರು ಹೊರಡಿಸಬೇಕು, ಕೈ ಏಳುತ್ತಿಲ್ಲ — ಮೇಲೆ ಆಸ್ಪತ್ರೆಯ ಆ ಕಿಟಕಿಯ ಹಿಂದೆ ಅಣ್ಣ ಡೆಲ್ಬರ್ಟ್ ಮಲಗಿದ್ದಾನೆ, ಅತ್ತಿಗೆ ವಾಂಡಾ ದಿಂಬು ಸರಿಮಾಡುತ್ತಿರಬೇಕು, ಬೇಸಿಗೆ ಬರಲಿ ಡೆಲ್, ಈರಿ ಸರೋವರಕ್ಕೆ ಮೀನು ಹಿಡಿಯೋಕೆ ಹೋಗೋಣ, ದಿನವೂ ಅದೇ ಮಾತು, ಡಾಕ್ಟರೂ ಹೂಂ ಅನ್ನುತ್ತಾನೆ, ಹೊರಗೆ ನಮ್ಮಿಬ್ಬರಿಗೆ ಹೇಳಿದ್ದೇ ಬೇರೆ, ಎಲ್ಲ ಕಡೆ ಹರಡಿಬಿಟ್ಟಿದೆ, ಅವನಿಗೆ ಹೇಳಬೇಡಿ ಎಂದು ವಾಂಡಾ ಡಾಕ್ಟರ ತೋಳು ಹಿಡಿದುಕೊಂಡಳು, ನಾನೂ ತಲೆಯಾಡಿಸಿದೆ — ತಲೆಯಾಡಿಸುವುದೇನೋ ಸುಲಭ. ಇವತ್ತು ಅವಳು ಕಾಫಿ ತರಲು ಇಳಿದಾಗ ಅಣ್ಣ ದಿಂಬಿನ ಕೆಳಗಿಂದ ಒಂದು ಸೆಂಟ್ ನಾಣ್ಯ ತೆಗೆದ, ಕಳೆದ ವರ್ಷದ್ದು, ಚಿಲ್ಲರೆಯಲ್ಲಿ ಸಿಕ್ತು ನೋರಿ, ನೋಡಿ ಹೇಳು, ಎರಡಚ್ಚಿಂದಾ? ಅಚ್ಚಿನಲ್ಲೇ ಅಕ್ಷರ ಎರಡೆರಡಾಗಿ ಮೂಡಿದ ಅಪರೂಪದ ನಾಣ್ಯ, ಹುಡುಗನಾಗಿದ್ದಾಗಿನಿಂದ ಹುಡುಕಿದ್ದಾನೆ, ಅಡುಗೆಮನೆಯ ಮೇಜಿನ ಮೇಲೆ ಬ್ಯಾಂಕಿನ ಚಿಲ್ಲರೆ ಸುರಿದುಕೊಂಡು ನಾವಿಬ್ಬರೂ, ಒಂದೂ ಸಿಗಲಿಲ್ಲ, ಈಗ ಬಂದಿರುವ ಸತುವಿನ ಸೆಂಟುಗಳಂತೂ ನಮ್ಮ ನಾಣ್ಯದ ಕ್ಲಬ್ಬಿನವರನ್ನೆಲ್ಲ ಏಮಾರಿಸುತ್ತವೆ, ಮೇಲಿನ ತಾಮ್ರದ ಲೇಪ ಉಬ್ಬಿ ಅಕ್ಷರದ ಪಕ್ಕ ಇನ್ನೊಂದು ಅಕ್ಷರ ಇದ್ದಂತೆ ಕಾಣುತ್ತದೆ, ಅಣ್ಣನಿಗೆ ನಗು, ಮೊಡವೆ ಕಣ್ರಯ್ಯಾ ಇದು, ಸೋಪು ಹಚ್ಚಿ ತೊಳೀರಿ. ನಾಣ್ಯ ನೋಡುವ ಮಸೂರ ಕಣ್ಣಿಗಿಟ್ಟೆ. ನಿಜವಾದದ್ದಾದರೆ ಅಕ್ಷರದ ಮೂಲೆ ಸೀಳಿರಬೇಕು, ಅಂಚು ಗಟ್ಟಿಯಾಗಿರಬೇಕು — ಸೀಳಿರಲಿಲ್ಲ, ದುಂಡಗೆ ಉಬ್ಬಿತ್ತು, ನೀರುಗುಳ್ಳೆಯ ಹಾಗೆ ಹೊಳೆಯುತ್ತಿತ್ತು, ಆದರೂ ನಿಜವಾದದ್ದೇ ಡೆಲ್ ಅಂದೆ, ಕೊನೆಗೂ ಸಿಕ್ತಲ್ಲ ನಿಂಗೆ ಅಂದೆ. ಮೂಲೆ ಸೀಳಿದೆಯಾ? ಸೀಳಿದೆ. ಸರಿಯಾಗಿ ನೋಡ್ದಾ? ನೋಡ್ದೆ ಕಣೋ. ಮಸೂರ ಇಳಿಸಿದಾಗ ಅವನ ಕಣ್ಣು ನಾಣ್ಯದ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಊಟದ ತಟ್ಟೆಯಿಂದ ಹಲ್ಲುಕಡ್ಡಿ ತೆಗೆದುಕೊಂಡ, ಉಬ್ಬಿದ ಕಡೆ ಒತ್ತಿದ, ತಾಮ್ರ ಸುಮ್ಮನೆ ಒಳಕ್ಕೆ ಕುಸಿಯಿತು. ಬೆಳಿಗ್ಗೇನೇ ಗೊತ್ತಾಯ್ತು ಕಣೇ ಮೊಡವೆ ಅಂತ. ಮತ್ತೆ ನನ್ನ ಯಾಕೆ ಕೇಳ್ದೆ ಅಂದೆ. ಇವರೆಲ್ಲ ವಾಸಿಯಾಗುತ್ತೆ ಅಂತಾರೆ, ನಂಬೋದೋ ಬೇಡವೋ ತಿಳೀತಿರಲಿಲ್ಲ, ನೀನು ನಾಣ್ಯದ ವಿಷಯದಲ್ಲಿ ನಂಗೆ ಯಾವತ್ತೂ ಸುಳ್ಳು ಹೇಳ್ದೋಳಲ್ಲ, ನೀನೂ ಸುಳ್ಳು ಹೇಳಿದ್ಮೇಲೆ ಗೊತ್ತಾಯ್ತು ಬಿಡು. ಡೆಲ್, ಹಾಗಲ್ಲ — ಅಳಬೇಡ, ಅವಳು ಬರ್ತಾಳೆ, ಅವಳಿಗೆ ಹೇಳ್ಬೇಡ, ಮೀನಿನ ಮಾತಾಡ್ಕೊಂಡಿರ್ಲಿ ಪಾಪ. ಅಷ್ಟರಲ್ಲಿ ವಾಂಡಾ ಬಂದಳು, ಏನು ಗುಟ್ಟು ಅಣ್ಣ ತಂಗಿದು, ಅಣ್ಣ ನಕ್ಕ, ದೋಣಿ ಯಾರದ್ದು ಕೇಳೋದು ಅಂತ ಯೋಚಿಸ್ತಿದ್ವಿ ಅಂದ, ಎಷ್ಟು ಸಲೀಸಾಗಿ ಅಂದ, ನಾನು ಕೋಟು ಹಾಕಿಕೊಂಡೆ, ನಾಳೆ ಬರ್ತೀನಿ ಅಂದೆ, ಲಿಫ್ಟು, ಮೆಟ್ಟಿಲು, ಹಿಮ, ನಾಣ್ಯದ ಸತ್ಯ ಹೇಳಿದ್ದರೆ ಇನ್ನೊಂದಷ್ಟು ದಿನ ನಂಬಿಕೊಂಡಿರುತ್ತಿದ್ದ, ಮೊಡವೆ ಅಂತ ಒಂದು ಮಾತು, ಅಷ್ಟೇ ಸಾಕಾಗಿತ್ತು, ಕಾರು ಹೊರಡಿಸಬೇಕು, ಆ ಕಣ್ಣು, ನಾಣ್ಯದ ಮೇಲಲ್ಲ, ನನ್ನ ಮುಖದ ಮೇಲೆ, ನನ್ನ ಮುಖದ ಮೇಲೆ