ಮುರಿಗೆಪ್ಪನ ಮೋಟರು

ಮೋಟರು ಒಮ್ಮೆಲೇ ಕಿರುಚಿತು, ದೋಣಿ ಮಾತ್ರ ಮುಂದೆ ಹೋಗಲಿಲ್ಲ. ನೀರಿನೊಳಗೆ ಯಾವುದೋ ದಿಮ್ಮಿ ಬಡಿದಿತ್ತು. ದುಂಡಪ್ಪ ಎತ್ತು ಹೊಡೆದವನೇ ಹೊರತು ಮೋಟರು ಹೊಡೆದವನಲ್ಲ. ಗಾಬರಿಯಲ್ಲಿ ಅದನ್ನು ಬಂದ್ ಮಾಡಿ, ಅರ್ಧ ಮುಳುಗಿದ್ದ ಜಾಲಿ ಮರದ ಕೊಂಬೆಯನ್ನು ಹಿಡಿದುಕೊಂಡ. ಮುಳ್ಳು ಅಂಗೈಗೆ ನೆಟ್ಟರೂ ಬಿಡುವಂತಿರಲಿಲ್ಲ. ಕೆಳಗೆ ಧುಪದಾಳದ ಒಡ್ಡಿನ ಮೇಲಿಂದ ಹೊಳೆ ಧುಮುಕುವ ಸದ್ದು ಕೇಳುತ್ತಿತ್ತು.

ದೋಣಿಯ ನಡುವೆ ಅವನ ಅಣ್ಣ ಮುರಿಗೆಪ್ಪ ಕುಳಿತಿದ್ದ. ಹಣೆಗೆ ವಿಭೂತಿ, ಕೊರಳಿಗೆ ಹಾರ, ಬೆನ್ನಿಗೆ ಕಟ್ಟಿದ ಹಲಗೆ. ನಸುಕಿನಲ್ಲಿ ತೀರಿಕೊಂಡವನನ್ನು ಆಚೆ ದಡದ ಹೊಲದಲ್ಲಿ ಕುಣಿ ತೋಡಿ ಮಣ್ಣು ಮಾಡಬೇಕಿತ್ತು. ಹೊಳೆ ಏರಿದ್ದರಿಂದ ಹುಟ್ಟು ಹಾಕಿ ದಾಟುವುದು ಆಗದ ಮಾತು. ವಿಲಾಯತಿಗೆ ಮರಳುವಾಗ ಗೋರಾ ಸಾಹೇಬ ಕಾಲುವೆ ಕಚೇರಿಗೆ ಬಿಟ್ಟುಹೋದ ಈ ಹಳೆಯ ಮೋಟರನ್ನು ಅಲ್ಲಿಯ ದೋಣಿಕಾರನಾಗಿ ವರ್ಷಗಟ್ಟಲೆ ಸಾಕಿದವನು, ಅದು ಕೆಟ್ಟಾಗ ಮೊದಲ ಸಲ ಸುಮ್ಮನಿದ್ದ.

"ಯವ್ವಾ, ಸತ್ತಾಂವನ ಜೋಡಿ ನಾವೂ ಹೋಗತೀವಿ!" ಅಣ್ಣತಮ್ಮಂದಿರ ಅಕ್ಕ ಬಾಳವ್ವ ಚೀರಿದಳು.

"ಸುಮ್ನಿರ್ರಿ ಅಕ್ಕಾರ," ಎಂದಳು ಮುರಿಗೆಪ್ಪನ ಹೆಂಡತಿ ಶಿವಗಂಗವ್ವ. "ಮಷೀನ ಚೊಲೊ ಐತಿ. ಪಂಖದ ಪಿನ್ನು ಮುರದೈತಿ, ಅಷ್ಟ."

*

ಮಳೆಗಾಲ ಬಂತೆಂದರೆ ಮುರಿಗೆಪ್ಪ ಮೋಟರನ್ನು ಮನೆಗೇ ಹೊತ್ತು ತರುತ್ತಿದ್ದ. ಒಲೆಯ ಪಕ್ಕ ಇಟ್ಟುಕೊಂಡು, ಎಣ್ಣೆ ಒರೆಸುತ್ತ, ಹೆಂಡತಿಗಿಂತ ಹೆಚ್ಚು ಮಾತು ಅದರೊಡನೆ ಆಡುತ್ತಿದ್ದ. "ಬಂದ್ಳು ನನ್ನ ಸವತಿ," ಎಂದು ಬೈದುಕೊಂಡೇ ಶಿವಗಂಗವ್ವ ಇಕ್ಕಳ ಎತ್ತಿ ಕೊಡುತ್ತಿದ್ದಳು.

"ಪಿನ್ನು ಮುರದಾಗೊಮ್ಮೆ ತಾಮ್ರದ ತುಂಡು ಯಾಕ ಹಾಕತೀರಿ? ಕಬ್ಬಿಣದ ಮೊಳಿ ಹಾಕ್ರಲಾ, ಮುರಿಯೂದಿಲ್ಲ," ಎಂದು ಒಮ್ಮೆ ಕೇಳಿದ್ದಳು.

"ಮುರೀಲಿ ಅಂತನ ಹಾಕೂದು, ಹುಚ್ಚಿ. ಪೆಟ್ಟು ಬಿದ್ದಾಗ ಅದು ಮುರದರ ಒಳಗಿನ ಹಲ್ಲಿನ ಗಾಲಿ ಉಳೀತೈತಿ. ಕಬ್ಬಿಣ ಹಾಕಿದಿ ಅಂದ್ರ ಮಷೀನನ ಹೋತು."

*

ಶಿವಗಂಗವ್ವ ಮೋಟರನ್ನು ನೀರಿನಿಂದ ಮೇಲೆ ವಾಲಿಸಿ, ಪಂಖ ಕಳಚಿ, ಮುರಿದ ತುಂಡನ್ನು ತಟ್ಟಿ ತೆಗೆದಳು. ಪೆಟ್ಟಿಗೆಯಲ್ಲಿ ತಾಮ್ರ ಇರಲಿಲ್ಲ. ಮುರಿಗೆಪ್ಪ ಹಾಸಿಗೆ ಹಿಡಿದ ಮೇಲೆ ಯಾರೂ ಕತ್ತರಿಸಿಟ್ಟಿರಲಿಲ್ಲ.

"ವೈನಿ, ಮೊಳಿ ಐತಲಾ, ಅದನ್ನ ಹಾಕ್ರಿ!" ದುಂಡಪ್ಪ ಕೂಗಿದ. "ಟೊಂಗಿ ಕಿತ್ತ ಬರಾಕತ್ತೈತಿ!"

ಕೊಂಬೆ ನಿಜಕ್ಕೂ ಸಿಗಿಯುತ್ತಿತ್ತು. ಆದರೆ ಹೊಳೆಯ ತುಂಬ ದಿಮ್ಮಿಗಳು ತೇಲಿ ಬರುತ್ತಿದ್ದವು. ಮೊಳೆ ಹಾಕಿದ ಮೇಲೆ ಇನ್ನೊಂದು ಬಡಿದರೆ ಹಲ್ಲಿನ ಗಾಲಿಯೇ ಪುಡಿ, ಆಮೇಲೆ ಒಡ್ಡೇ ಗತಿ. ಶಿವಗಂಗವ್ವನಿಗೆ ಜೀವಭಯವಾಯಿತು. ಎಲ್ಲವನ್ನೂ ತನ್ನ ತಲೆಗೆ ಕಟ್ಟಿ ಹೋದ ಗಂಡನ ಮೇಲೆ ಸಿಟ್ಟೂ ಬಂತು. ಸೀರೆ ಸರಿಸಿ, ಬಲಗಾಲಿನ ಬೆಳ್ಳಿಯ ಕಾಲುಂಗುರವನ್ನು ಎಳೆದಳು. ಬೆಳ್ಳಿಯೂ ತಾಮ್ರದಂತೆ ಮೆತ್ತಗೆ.

"ಏನ್ ಮಾಡಾಕತ್ತಿ?" ಬಾಳವ್ವ ಅವಳ ಕೈ ಹಿಡಿದಳು. "ಅದನ್ನ ಕುಣಿ ಮುಂದ ನಾ ತಗೀಬೇಕು!"

"ಮೊದಲ ಕುಣಿ ಮುಟ್ಟಬೇಕಲ್ರಿ."

ಉಂಗುರವನ್ನು ಇಕ್ಕಳದಿಂದ ನೇರ ಮಾಡಿ, ಅಳತೆಗೆ ಕತ್ತರಿಸಿದಳು. "ಗಂಡನ್ನಂತೂ ಕೊಟ್ಟಿದ್ದೆ. ಇದನ್ನೂ ತಗೊ," ಎಂದು ಮೋಟರನ್ನು ಬೈಯುತ್ತ ತೂತಿಗೆ ತೂರಿಸಿದಳು. ಪಂಖ ಕೂಡಿಸಿ, ಮೇಲಿನ ಚಕ್ರಕ್ಕೆ ಹಗ್ಗ ಸುತ್ತಿ ಎಳೆದಳು. ಮೋಟರು ಕೆಮ್ಮಿ ಸುಮ್ಮನಾಯಿತು. ಅಷ್ಟರಲ್ಲಿ ಕೊಂಬೆ ಮುರಿಯಿತು. ದೋಣಿ ಅಡ್ಡ ತಿರುಗಿ ಒಡ್ಡಿನ ಕಡೆಗೆ ಜಾರಿತು, ಬಾಳವ್ವ ಹೆಣವನ್ನೇ ತಬ್ಬಿಕೊಂಡಳು. ಶಿವಗಂಗವ್ವ ಮತ್ತೆ ಹಗ್ಗ ಸುತ್ತಿ ಎಳೆದಳು. ಮೋಟರು ಶುರುವಾಯಿತು, ದೋಣಿ ಒಡ್ಡಿಗೆ ಬೆನ್ನು ಮಾಡಿತು.

ಆಚೆ ದಡದಲ್ಲಿ ಕುಣಿ ತೋಡಿ ಕಾಯುತ್ತಿದ್ದರು. ಮುರಿಗೆಪ್ಪನನ್ನು ಒಳಗೆ ಕೂರಿಸಿದ ಮೇಲೆ ಬಾಳವ್ವ ಅಳುತ್ತ ಶಿವಗಂಗವ್ವನ ತಾಳಿ ತೆಗೆದಳು, ಎಡಗಾಲಿನ ಉಂಗುರ ತೆಗೆದಳು. ಬಲಗಾಲಿನ ಬೆರಳಲ್ಲಿ ಬಿಳಿಯ ಗುರುತು ಮಾತ್ರ ಇತ್ತು.

"ದುಂಡಪ್ಪಾ, ಮಷೀನದಾಗಿನ ಆ ಇನ್ನೊಂದನ್ನ ಬಿಚ್ಚಕೊಂಡ ಬಾರೊ."

"ಬ್ಯಾಡ್ರಿ," ಎಂದಳು ಶಿವಗಂಗವ್ವ. "ನಿಮ್ಮನ್ನೆಲ್ಲಾ ಹೊಳ್ಳಿ ಮನಿ ಮುಟ್ಟಸಬೇಕು. ಅಲ್ಲೀತನಕ ಇರಲಿ."

ಸಂಜೆಗೆ ದೋಣಿ ಈಚೆ ದಡ ಸೇರಿತು. ದುಂಡಪ್ಪ ಅದನ್ನು ಗೂಟಕ್ಕೆ ಕಟ್ಟಿದ, ಎಲ್ಲರೂ ಇಳಿದರು. ಶಿವಗಂಗವ್ವ ಹಿಡಿಕೆ ಹಿಡಿದು ಕುಳಿತೇ ಇದ್ದಳು. ಬಾಳವ್ವ ದಡದ ಮೇಲಿಂದ ಕರೆದು, ಆ ಉಂಗುರದ ತುಂಡಿಗಾಗಿ ಕೈ ಚಾಚಿದಳು. ಶಿವಗಂಗವ್ವ ಮೋಟರು ಬಂದ್ ಮಾಡಲಿಲ್ಲ, ಕಟ್ಟಿದ ದೋಣಿಯ ಹಿಂದೆ ಪಂಖ ನೀರು ಕಡೆಯುತ್ತಲೇ ಇತ್ತು.