ಕೊನೆಯ ಕೋಣೆಯ ಮಾತು

ನಮ್ಮ ಹ್ಯಾಮಿಲ್ಟನ್‌ನಲ್ಲಿ ಕಂಪ್ಯೂಟರ್ ಆಟ ಮಾಡುವವರಿಗೆ ಬರವಿಲ್ಲ, ಆಡುವವರಿಗೇ ಬರ. ದುಡ್ಡು ಬೇಡ, ಏನನ್ನೂ ಇಳಿಸಿಕೊಳ್ಳುವುದು ಬೇಡ, ಬ್ರೌಸರ್ ತೆರೆದು ಆಡಿ ಸ್ವಾಮಿ ಎಂದು ಕೈಮುಗಿದರೂ ಒಬ್ಬರೂ ಇತ್ತ ತಲೆಹಾಕುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಬಾರ್ಟನ್ ಬೀದಿಯ ಕಾಫಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ, ನಮ್ಮ ಆಟಗಳನ್ನು ನಾವೇ ಬೇರೆಯವರ ಕೈಯಲ್ಲಿ ಆಡಿಸುತ್ತೇವೆ. ಅಲ್ಲಿನ ಕಟ್ಟಳೆ ಇಷ್ಟೇ. ಆಡುವವರು ತೆರೆಯ ಮೇಲೆ ಓದಿದ್ದನ್ನೂ ಮನಸ್ಸಿಗೆ ಬಂದದ್ದನ್ನೂ ಗಟ್ಟಿಯಾಗಿ ಹೇಳುತ್ತಾ ಆಡಬೇಕು. ಆಟ ಮಾಡಿದವರು ತುಟಿ ಹೊಲಿದುಕೊಂಡು ಕೂತು ನೋಡಬೇಕು. ಇಲ್ಲದಿದ್ದರೆ ನಮ್ಮವರ ವಿಚಾರ ಗೊತ್ತಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಟ ಕೆಟ್ಟದಾಗಿದ್ದರೆ ಆಡುವವರೇ ದಡ್ಡರು ಎಂದು ವಾದಕ್ಕೆ ನಿಲ್ಲುತ್ತಾರೆ. ಈ ಕಟ್ಟಳೆ ಕಾಯುವವನು ಕ್ಲೈಡ್. ಹಿಂದೆ ಐಸ್ ಹಾಕಿ ಪಂದ್ಯಗಳ ರೆಫರಿಯಾಗಿದ್ದವನು, ಕರುಣೆ ಎಂಬ ಪದಾರ್ಥ ಅವನ ಬಳಿ ಸುಳಿದಿಲ್ಲ.

ನಮ್ಮ ಗುಂಪಿನ ಡೇರಿಲ್ ಆ ಸಲ ತಂದದ್ದು ತನ್ನ ತಾಯಿಯ ಮನೆಯ ಮೇಲೆ ಕಟ್ಟಿದ ಆಟ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವನಿಗೆ ತಾನು ಮಾಡಿದ ಆಟಗಳು ಹೆತ್ತ ತಾಯಿಗಿಂತ ಮುದ್ದು. ಆಕೆ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ಈ ಮಹಾಶಯ ವಾರಾಂತ್ಯದ ಆಟ ಕಟ್ಟುವ ಸ್ಪರ್ಧೆಯಲ್ಲಿ ಕೂತಿದ್ದ. ಹಾಸಿಗೆಯ ಪಕ್ಕದಲ್ಲಿ ಕೂತವಳು ಅಕ್ಕ ನಡೀನ್ ಒಬ್ಬಳೇ. ಅಂದಿನಿಂದ ಅವಳು ತಮ್ಮನ ಜೊತೆ ಮಾತು ಬಿಟ್ಟಿದ್ದಳು.

"ಮುಖ ನೋಡ್ಕೊಂಡು ಕ್ಷಮೆ ಕೇಳೋಕೆ ನನಗೆ ಬರಲ್ಲ," ಎಂದಿದ್ದ ನನ್ನ ಬಳಿ. "ಅದಕ್ಕೇ ಆಟ ಮಾಡಿದೀನಿ. ಆಟದ ಕೊನೆ ಕೋಣೆಲಿ ನಾನೇ ನಿಂತಿರ್ತೀನಿ. ಅವಳು ಅಲ್ಲೀವರೆಗೂ ಬಂದ್ರೆ ಸಾಕು, ನನಗೆ ಅಕ್ಕ ವಾಪಸ್ ಸಿಗ್ತಾಳೆ."

ಚಿಕ್ಕಮ್ಮನ ಕೈಯಲ್ಲಿ ಹೇಳಿಕಳಿಸಿ, ಗೋಗರೆದು, ಅಂತೂ ಅವಳನ್ನು ಕರೆಸಿದ. ನಡೀನ್ ಶಾಲೆಯ ಬಸ್ಸು ಓಡಿಸುವವಳು. ಮಕ್ಕಳನ್ನು ಮನೆಗೆ ಬಿಟ್ಟು ನೇರವಾಗಿ ಬಂದಿದ್ದಳು, ಹಿಮದ ಬೂಟು ಕೂಡ ಕಳಚಲಿಲ್ಲ. ತಮ್ಮನ ಕಡೆ ನೋಡದೆ ತೆರೆಯ ಮುಂದೆ ಕೂತಳು.

"ಕಟ್ಟಳೆ ಎಲ್ರಿಗೂ ಒಂದೇ," ಎಂದ ಕ್ಲೈಡ್. "ನೀವು ಗಟ್ಟಿಯಾಗಿ ಹೇಳ್ತಾ ಆಡಿ. ಡೇರಿಲ್, ನೀನು ಉಸಿರೆತ್ತಬೇಡ."

"ಅವನು ಉಸಿರೆತ್ತದೇ ಇರೋದು ನನಗೇನು ಹೊಸದಲ್ಲ ಬಿಡಿ," ಎಂದಳು ನಡೀನ್. ಕೋಣೆಯಲ್ಲಿ ನಾಲ್ಕು ಜನ ನಕ್ಕರು, ನಾನೂ ನಕ್ಕೆ.

ಮೊದಲು ಅಡುಗೆಮನೆ ಬಂತು. ಬಾಣದ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಾ, ತೆರೆಯ ಮೇಲಿನ ಗೊಂಬೆಯನ್ನು ಬಸ್ಸನ್ನು ಹಿಂದಕ್ಕೆ ತೆಗೆಯುವಷ್ಟು ಎಚ್ಚರದಿಂದ ನಡೆಸಿದಳು. "ಒಲೆ ಇದೆ. ಎಲೆಕೋಸಿನ ಸುರುಳಿ ಬೇಯ್ತಾ ಇದೆ. ಅಯ್ಯೋ, ಅಮ್ಮನ ಹಸಿರು ಚಪ್ಪಲಿ! ಒಂದರ ಹಿಮ್ಮಡಿ ಹರಿದಿರೋದೂ ಹಾಕಿದಾನೆ." ಅವಳ ದನಿ ಮೆತ್ತಗಾಯಿತು. ಡೇರಿಲ್ ಮಂಡಿ ಹಿಡಿದು ಕೂತಿದ್ದ, ಕಣ್ಣು ತುಂಬಿತ್ತು. ಅವನ ಮೇಲೆ ನನಗೂ ಕನಿಕರ ಹುಟ್ಟಿತು, ಸುಳ್ಳೇಕೆ.

ಆಮೇಲೆ ಆಸ್ಪತ್ರೆ. "ಈ ಕುರ್ಚಿ ನಂದು. ಸೊಂಟ ಹಿಡ್ಕೊಂಡುಬಿಟ್ಟಿತ್ತು. ಪಕ್ಕದ ಕುರ್ಚಿ ಖಾಲಿ ಬಿಟ್ಟಿದಾನೆ." ಗುಂಡಿಗಳಿಂದ ಕೈ ತೆಗೆದಳು. "ತಾನು ಅಲ್ಲಿದ್ದೆ ಅಂತ ಸುಳ್ಳು ಮಾಡಿಲ್ಲ. ಪರವಾಗಿಲ್ಲ." ಕೋಟಿನ ಜಿಪ್ಪು ಎಳೆದು ಸಡಿಲ ಮಾಡಿಕೊಂಡಳು. ಗೆದ್ದೆ ಕಣೋ ಡೇರಿಲ್, ಎಂದುಕೊಂಡೆ.

ಕೊನೆಯ ಬಾಗಿಲು ತೆರೆಯಿತು. ಒಳಗೆ ಪುಟ್ಟ ಡೇರಿಲ್ ತಲೆ ತಗ್ಗಿಸಿ ನಿಂತಿದ್ದ. "ನೀನೇನಾ ಇದು? ಇರು, ಬಂದೆ," ಎಂದು ನಡೀನ್ ಗೊಂಬೆಯನ್ನು ಅವನತ್ತ ನಡೆಸಿದಳು. ಅಷ್ಟರಲ್ಲಿ ಇತ್ತ ನಿಜವಾದ ಡೇರಿಲ್ ಕುರ್ಚಿ ಬೀಳಿಸಿಕೊಂಡು ಎದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಡೀನ್, ನಿಲ್ಸು, ಅದು..."

"ಬಾಯಿ ಮುಚ್ಚು!" ಎಂದು ಗದರಿದ ಕ್ಲೈಡ್.

ನಮ್ಮವರಿಗೆಲ್ಲ ಒಂದು ಚಾಳಿ ಇದೆ. ಬರೆಯಲು ಕಷ್ಟವಾದ ಮಾತು ಬಂದಲ್ಲಿ ಸದ್ಯಕ್ಕೆ ಏನೋ ಒಂದು ಗೀಚಿಟ್ಟು, ಹಬೆ, ಬೆಳಕು, ಚಪ್ಪಲಿ ಅಂತ ಸುಲಭದ್ದನ್ನು ತಿದ್ದುತ್ತಾ ಕೂರುತ್ತೇವೆ. ಆಮೇಲೆ ಬರೆದರಾಯಿತು ಎಂದು ಮರೆತೂ ಬಿಡುತ್ತೇವೆ. ನಡೀನ್ ಗುಂಡಿ ಒತ್ತಿದಳು. ಮಾತಿನ ಚೌಕ ತೆರೆದುಕೊಂಡಿತು. ಹೇಳಿಕೊಟ್ಟ ಹಾಗೆ ಅವಳು ಗಟ್ಟಿಯಾಗಿ ಓದಿದಳು.

"ಇಲ್ಲಿ ಕ್ಷಮೆಯ ಮಾತು ಹಾಕು. ಅವಳಿಗೆ ಅಳು ಬರುವ ಹಾಗಿರಲಿ. ನಾಲ್ಕು ಸಾಲು ಸಾಕು."

ಹೊಸಬನೊಬ್ಬ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದ.

"ಇದು ಆಟದ್ದೇ ಮಾತಾ?" ಎಂದು ನಡೀನ್ ಕ್ಲೈಡ್‌ನನ್ನು ಕೇಳಿದಳು.

ಬೇರೆ ಯಾರಾದರೂ ಆಗಿದ್ದರೆ ಹೌದು ಎಂದು ಅವನ ಮಾನ ಉಳಿಸುತ್ತಿದ್ದರು. ಕ್ಲೈಡ್ ಹೇಳಿದ: "ಅಲ್ಲಮ್ಮ. ತನಗೇ ಗುರುತು ಹಾಕ್ಕೊಂಡಿದ್ದು, ಮಾತು ಬರೆಯೋದೇ ಬಿಟ್ಟಿದಾನೆ. ಆಟ ಮುಗೀತು. ಡೇರಿಲ್, ಈಗ ಮಾತಾಡಬಹುದು."

ನಡೀನ್ ಕುರ್ಚಿ ತಿರುಗಿಸಿ ತಮ್ಮನಿಗೆ ಎದುರಾದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡೆ.

"ಸರಿ ಕಣೋ. ನಾಲ್ಕು ಸಾಲೂ ಬೇಡ. ಎದುರಿಗೇ ಇದೀನಿ. ಬಾಯಲ್ಲೇ ಹೇಳು."

ಒಂದು ಮಾತು ಸಾಕಿತ್ತು. ಹೇಳೋ ಪಾಪಿ, ಹೇಳೋ, ಎಂದುಕೊಂಡೆ. ಡೇರಿಲ್ ಅಕ್ಕನನ್ನು ನೋಡಿದ, ತೆರೆಯನ್ನು ನೋಡಿದ. ಅವನ ಕಣ್ಣು ತೆರೆಯ ಮೇಲೇ ನಿಂತಿತು.

"ಭಾನುವಾರದವರೆಗೂ ಟೈಮ್ ಕೊಡು," ಎಂದ. "ಚೆನ್ನಾಗಿ ಬರೆದು ಮತ್ತೆ ಹಾಕ್ತೀನಿ. ನೀನು ಪೇಜ್ ರಿಫ್ರೆಶ್ ಮಾಡಿದ್ರೆ ಆಯ್ತು."

ನಡೀನ್ ಎದ್ದು ಜಿಪ್ಪನ್ನು ಗಂಟಲವರೆಗೂ ಎಳೆದುಕೊಂಡಳು.

"ಅಮ್ಮನಿಗೂ ನೀನು ಫೋನಲ್ಲಿ ಭಾನುವಾರ ಬರ್ತೀನಿ ಅಂದಿದ್ದೆ," ಎಂದಳು. "ಶನಿವಾರವಿಡೀ ಭಾನುವಾರ ಆಯ್ತಾ, ಭಾನುವಾರ ಆಯ್ತಾ ಅಂತ ಕೇಳ್ತಾನೇ ಇದ್ಲು. ಕೊನೆಗೆ ಆಯ್ತಮ್ಮ, ಅವನು ಬಂದಿದಾನೆ ಅಂತ ನಾನೇ ಹೇಳಿ, ನಿನ್ನ ಹೆಸರಲ್ಲಿ ಅವಳ ಕೈ ಹಿಡ್ಕೊಂಡೆ. ಅವಳು ಹೋಗಿದ್ದು ನಿನ್ನ ಕೈ ಅಂದ್ಕೊಂಡೇ."

ಆಮೇಲೆ ಬಾಗಿಲು ಎಳೆದುಕೊಂಡು ಹೋದಳು.