ದಾರಕ್ಕೊಂದು ಗುಡಿಸು

ಹೂವಿನ ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿಟ್ಟು ಹೊರಟವಳು ಮೊದಲ ತಿರುವು ದಾಟುವಷ್ಟರಲ್ಲಿ ಎರಡು ಸಲ ಸ್ಟಿಯರಿಂಗನ್ನು ಎಡಕ್ಕೆ ತಂದಿದ್ದಳು. ಮೂರನೆಯ ಸಲ ಬೇಕೆಂದೇ ಹಿಡಿತ ಸಡಿಲಿಸಿದಳು. ಅಪ್ಪನ ಹಳೇ ಕಾರು, ಯಾರೋ ಕರೆದವರಂತೆ, ಮೆಲ್ಲಗೆ ಬಲಕ್ಕೆ ವಾಲಿತು.

"ಅಯ್ಯೋ ಅಪ್ಪಾ," ಎಂದಳು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು.

ವೀಲ್ ಅಲೈನ್‌ಮೆಂಟ್ ಅವಳ ಕಸುಬು. ಶಾಪಿನಲ್ಲಿ ದಿನವಿಡೀ ಕಾರುಗಳನ್ನು ಕಂಪ್ಯೂಟರಿನ ಮುಂದೆ ನಿಲ್ಲಿಸಿ ಚಕ್ರಗಳನ್ನು ನೆಟ್ಟಗೆ ಮಾಡುವವಳು. ಅಪ್ಪ ದರ್ಜಿ. ತನ್ನ ಕಾರಿನ ಚಕ್ರಗಳನ್ನು ಮನೆಯಂಗಳದಲ್ಲೇ ಹೊಲಿಗೆಯ ದಾರ ಕಟ್ಟಿ, ಟೇಪು ಹಿಡಿದು, ತಾನೇ ಸರಿಮಾಡಿಕೊಳ್ಳುತ್ತಿದ್ದ. ಎರಡು ಮಿಲಿಮೀಟರು ಆಚೀಚೆಯಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮೂರು ವಾರದ ಹಿಂದೆ ಕೊನೆಯ ಸಲ ಮಾಡಿದಾಗ ಅವನ ಕೈ ನಡುಗುತ್ತಿತ್ತಂತೆ. ದಾರ ಹಿಡಿಯಲು ಅವಳನ್ನು ಕರೆದಿದ್ದ. ಅವಳು ಹೋಗಿರಲಿಲ್ಲ.

ಮನೆಯ ಮುಂದೆ ಶವ ಒಯ್ಯುವ ವ್ಯಾನು ಕಾದು ನಿಂತಿತ್ತು. ಜಗಲಿಯಲ್ಲಿ ಸೋದರಮಾವ ನಾಲ್ಕು ಜನರ ನಡುವೆ ಕೂತು ಭಾವನ ದನಿಯಲ್ಲಿ ಮಾತಾಡಿ ತೋರಿಸುತ್ತಿದ್ದ. ದರ್ಜಿಯ ತುಟಿಗಳ ನಡುವೆ ಸದಾ ಗುಂಡುಸೂಜಿ. ತುಟಿ ಕೂಡಿಸಿ ಆಡಬೇಕಾದ ಪ, ಬ, ಮ ಎಲ್ಲ ಅವನ ಬಾಯಲ್ಲಿ ಗ ಆಗಿ ಹೊರಬೀಳುತ್ತಿದ್ದವು.

"'ಗಾರೋ ಗಾಗೈದ, ಗಟ್ಟೆ ತಂದ್ಯಾ?' ಅಂದ್ರು ಮೊದಲ್ನೇ ದಿನ. ಬಾರೋ ಭಾಮೈದ, ಬಟ್ಟೆ ತಂದ್ಯಾ ಅಂತ! ನಾನು ಅಕ್ಕನ್ನ ಕೇಳ್ದೆ, ನಿನ್ನ ಗಂಡಂದು ಯಾವ ಭಾಷೆ ಅಂತ."

ಇಸ್ತ್ರಿಯವನು ನಗುತ್ತಲೇ ಕಣ್ಣೊರೆಸಿಕೊಂಡ. ಒಳಗೆ ಗಂಡನ ತಲೆಯ ಬಳಿ ಕೂತಿದ್ದ ಅಮ್ಮ ಕೂಗಿ ಹೇಳಿದಳು: "ಇನ್ನೊಂದು ಸೂಜಿ ಕಚ್ಕೊಳ್ಳೋ. ಅವರ ಹಾಗೆ ಆಗ್ತಿಲ್ಲ."

* * *

ಅವಳಿಗೆ ಹತ್ತು ವರ್ಷವಾಗಿದ್ದಾಗ, ಅಪ್ಪ ಚಕ್ರ ಸರಿಮಾಡುವ ಭಾನುವಾರಗಳು ಕಸಪೊರಕೆಯಿಂದ ಶುರುವಾಗುತ್ತಿದ್ದವು. ಚಕ್ರದಡಿ ಒಂದು ಹರಳಿದ್ದರೂ ಅಳತೆ ಕೆಡುತ್ತದೆ. ಅಪ್ಪ ಪೊರಕೆಯನ್ನು ಅವಳ ಕೈಗಿಟ್ಟು, "ದಾರಕ್ಕೊಂದು ಗುಡಿಸು ಕೊಟ್ರೆ ದಾರಿ!" ಎನ್ನುತ್ತಿದ್ದ. ಅವನ ಬಾಯಿಂದ ಸೂಜಿಗೆ ಸಿಗದೆ, ಒಂದಕ್ಷರವೂ ವಾಲದೆ, ನೆಟ್ಟಗೆ ಬರುತ್ತಿದ್ದ ಮಾತು ಅದೊಂದೇ.

ಗುಡಿಸಿದ ಮೇಲೆ ನಾಲ್ಕು ಕುರ್ಚಿ. ಅವುಗಳ ಕಾಲಿಗೆ ಬಿಗಿದ ದಾರ ಕಾರಿನ ಎರಡೂ ಬದಿಗೆ ಓಡಬೇಕು. ಡ್ರೈವರ್ ಸೀಟಿನಲ್ಲಿ ಅಪ್ಪನ ತೂಕದ ಬಟ್ಟೆಮೂಟೆ. ಪಕ್ಕದ ಸೀಟಿನಲ್ಲಿ ಸಾಕ್ಷಾತ್ ಅಮ್ಮ, ಕಿಟಕಿಯಾಚೆ ಕೈ ಚಾಚಿ ದಾರದ ರೀಲು ಬಿಡುತ್ತ.

"ಅಮ್ಮನ ಬದಲೂ ಮೂಟೆ ಇಡಬಹುದಲ್ಲಪ್ಪ?"

ಅಪ್ಪ ಸೂಜಿಗಳನ್ನು ಬಾಯಿಂದ ತೆಗೆದು ಹೇಳಿದ್ದ: "ನಿಮ್ಮಮ್ಮಂದು ತೂಕದ ಮಾತು. ಮೂಟೆ ಎಲ್ಲಿ ಮಾತಾಡುತ್ತೆ?"

ಅಮ್ಮನನ್ನು ಹತ್ತಿರ ಕೂರಿಸಿಕೊಳ್ಳಲು ಹೂಡಿದ ನೆಪ ಅದು ಎಂದುಕೊಂಡಿದ್ದಳು. ದೊಡ್ಡವಳಾಗಿ ಕಂಪ್ಯೂಟರ್ ಕಲಿತ ಮೇಲೂ ಹಾಗೇ ಅಂದುಕೊಂಡಿದ್ದಳು. ಅವಳ ಶಾಪಿನಲ್ಲಿ ಕಾರುಗಳು ಖಾಲಿಯಾಗಿಯೇ ನಿಲ್ಲುತ್ತಿದ್ದವು.

ಮೂರು ವಾರದ ಹಿಂದಿನ ಫೋನು: "ಗಾ ಗಗಳೇ, ದಾರ ಹಿಡ್ಕೋ."

"ಕಾರನ್ನ ಶಾಪಿಗೆ ತಗೊಂಡು ಬಾಪ್ಪ. ಐದು ನಿಮಿಷದ ಕೆಲಸ."

"ಐದ್ ನಿಗಿಷಕ್ಕೆ ಗುಗಿಸಿ ಉಳಿದ ಗಾನುವಾರ ಏನ್ ಗಾಡ್ಲಿ?"

ಅವಳು ನಕ್ಕು ಫೋನಿಟ್ಟಿದ್ದಳು.

* * *

ಅಪ್ಪನನ್ನು ವ್ಯಾನಿಗೆ ಏರಿಸಿದರು. ಸೋದರಮಾವ ಅಮ್ಮನ ತೋಳು ಹಿಡಿದ. "ಅಕ್ಕಾ, ನೀನು ಇದರಲ್ಲೇ ಬಾ, ಭಾವನ ಜೊತೆ."

"ಅವರ ಜೊತೆ ನಾನು ಕೂತಿದ್ದು ಇದರಲ್ಲಲ್ಲ." ಅಮ್ಮ ಕಾರಿನತ್ತ ನಡೆದಳು.

ಮಗಳು ಬಾಗಿಲಿಗೆ ಅಡ್ಡ ನಿಂತಳು. "ಬೇಡಮ್ಮ. ಗಾಡಿ ಬಲಕ್ಕೆ ಎಳೀತಿದೆ. ಅಪ್ಪನ ಕೈ ಕೊನೇ ಸಲ ತಪ್ಪಿದೆ. ನಾನು ಬಂದು ದಾರ ಹಿಡಿದಿದ್ರೆ..."

ಅಮ್ಮ ಅವಳನ್ನು ದಿಟ್ಟಿಸಿದಳು. "ಹೂ ತರೋಕೆ ಯಾರ್ ಯಾರು ಹೋಗಿದ್ರಿ?"

"ನಾನೊಬ್ಬಳೇ."

"ಮತ್ತೆ!" ಎಂದಳು ಅಮ್ಮ, ಅಷ್ಟೇ ಸಾಕೆಂಬಂತೆ. ಬಗ್ಗಿ ನೆಲ ನೋಡಿದಳು. ಬುಟ್ಟಿಯಿಂದ ಉದುರಿದ ಹೂವು, ಜನರ ಚಪ್ಪಲಿಗೆ ಅಂಟಿ ಬಂದ ಹರಳು. "ಚಕ್ರದ ಮುಂದೆ ಎಷ್ಟು ಕಸ! ಮೊದಲು..."

ಸೋದರಮಾವ ಭಾವನ ದನಿಯಲ್ಲಿ ಎತ್ತಿಕೊಂಡ: "ದಾರಕ್ಕೊಂದು..." ದನಿ ಅವನಿಗೇ ಕೈಕೊಟ್ಟಿತು. ಮುಖ ತಿರುಗಿಸಿದ.

"ಗುಡಿಸು," ಎಂದಳು ಮಗಳು. ಮೂಲೆಯ ಪೊರಕೆ ತಂದು ಚಕ್ರದ ಮುಂದಿನಿಂದ ಗೇಟಿನವರೆಗೆ ಗುಡಿಸಿದಳು. ವ್ಯಾನಿನವನು ಗಡಿಯಾರ ನೋಡಿಕೊಂಡ. ಯಾರೂ ಅವಸರ ಮಾಡಲಿಲ್ಲ.

ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ಅವಳ ಭಾರಕ್ಕೆ ಕಾರು ಆ ಬದಿಗೆ ಒಂದಿಷ್ಟು ತಗ್ಗಿತು.

ದೊಡ್ಡ ರಸ್ತೆ ಬರುವವರೆಗೂ ಮಗಳು ಸ್ಟಿಯರಿಂಗನ್ನು ಬಿಗಿಯಾಗಿಯೇ ಹಿಡಿದಿದ್ದಳು. ಮುಂದೆ ವ್ಯಾನು ನಿಧಾನವಾಗಿ ಹೋಗುತ್ತಿತ್ತು. ಎರಡೂ ಕೈಗಳನ್ನು ಒಂದು ಬೆರಳಿನಷ್ಟು ಮೇಲೆತ್ತಿದಳು.

ಕಾರು ವಾಲಲಿಲ್ಲ. ಎಳೆದು ಕಟ್ಟಿದ ದಾರದ ಗುಂಟ ಸಾಗುವಂತೆ ವ್ಯಾನಿನ ಹಿಂದೆ ನೆಟ್ಟಗೆ ಹೋಯಿತು.

ಪಕ್ಕಕ್ಕೆ ತಿರುಗಿದಳು. ಅಮ್ಮ ರಸ್ತೆಯನ್ನೇ ನೋಡುತ್ತಿದ್ದಳು. ಅವಳ ಕೈ ಕಿಟಕಿಯಾಚೆ ಚಾಚಿತ್ತು. ಹೆಬ್ಬೆರಳು, ತೋರುಬೆರಳು, ನಡುವೆ ಒಂದು ರೀಲು ತಿರುಗುವಷ್ಟು ಜಾಗ.